ಸಹಾಯ ಬೇಕು: ರೋಮ್‌ನಲ್ಲಿ ಊರಿನವರೇ ಹೋಗಿ ಉಣ್ಣುವ ಜಾಗ ಯಾವುದು?

ಎಲ್ಲರಿಗೂ ನಮಸ್ಕಾರ. ಮಾರ್ಚ್‌ನಲ್ಲಿ ಅಮ್ಮನ ಜೊತೆ ರೋಮ್‌ಗೆ ಹೊರಟಿದ್ದೇನೆ. ಕೊಲೋಸಿಯಂ, ಟ್ರೆವಿ ಕಾರಂಜಿ ಹತ್ತಿರ ಫೋಟೋ ಇರುವ ಮೆನು ಹಿಡಿದು ಕರೆಯುತ್ತಾರಲ್ಲ, ಅಂಥ ಹೋಟೆಲ್ ಬೇಡ. ಅಲ್ಲಿಯವರೇ ಹೋಗುವ ಜಾಗ ಹೇಳಿ. ಟೆಸ್ಟಾಚೊ ಕಡೆ ಊಟ ಚೆನ್ನಾಗಿರುತ್ತದಂತೆ. ಆದರೆ ಅದು ಹಳೇ ಕಸಾಯಿಖಾನೆ ಇದ್ದ ಏರಿಯಾ, ಕರುಳು, ಬೋಟಿ ಅಡುಗೆಗೇ ಹೆಸರುವಾಸಿ. ನನಗೆ ಖುಷಿಯೇ. ಅಮ್ಮ ಮಾತ್ರ ಮೊಟ್ಟೆಯನ್ನೂ ಮುಟ್ಟುವುದಿಲ್ಲ.

ಕಾಚೊ ಎ ಪೆಪೆ ಪಾಸ್ತಾ ಅಂದರೆ ಬರೀ ಚೀಸು, ಕರಿಮೆಣಸು ಅಲ್ವಾ? ಆದರೆ ಅದಕ್ಕೆ ಹಾಕುವ ಪೆಕೊರಿನೊ ರೊಮಾನೊ ಚೀಸ್ ಮಾಡಲು ಹಾಲು ಒಡೆಯುವುದು ಕುರಿಮರಿ ಹೊಟ್ಟೆಯಿಂದ ತೆಗೆದ ರೆನೆಟ್ ಅನ್ನೋ ಹೆಪ್ಪಿನಿಂದ. ಸುಪ್ಲಿ ಅನ್ನೋ ಅನ್ನದ ಬೋಂಡಾದೊಳಗೂ ಎಷ್ಟೋ ಕಡೆ ಮಾಂಸದ ಸಾಸ್ ಇರುತ್ತದೆ.

ಹಾಗಾಗಿ ನನ್ನ ಆಸೆಯೆಲ್ಲ ಯಹೂದಿ ಘೆಟ್ಟೊದ (ಯಹೂದಿಗಳ ಹಳೇ ಕೇರಿ) ಕಾರ್ಚೋಫಿ ಅಲ್ಲಾ ಜುದಿಯಾ ಮೇಲೆ. ಆರ್ಟಿಚೋಕ್ ಅನ್ನೋ ಹೂಮೊಗ್ಗಿನಂಥ ತರಕಾರಿಯನ್ನು ಇಡಿಯಾಗಿ ಎಣ್ಣೆಯಲ್ಲಿ ಎರಡು ಸಲ ಕರಿಯುತ್ತಾರೆ, ಎಸಳು ಅರಳಿ ಗರಿಗರಿಯಾಗುತ್ತವೆ. ಮಾರ್ಚ್ ಅದರ ಸೀಸನ್ನೇ. ಇದನ್ನು ಮೀನು ಕರಿದ ಎಣ್ಣೆಗೆ ಹಾಕದ ಕಡೆ ಯಾರಿಗಾದರೂ ಗೊತ್ತಾ?

ಇನ್ನೊಂದು, ಅಲ್ಲಿ ರಾತ್ರಿ ಊಟ ಶುರುವಾಗುವುದೇ ಏಳೂವರೆ ಮೇಲೆ. ಅಮ್ಮನಿಗೆ ಏಳಕ್ಕೇ ಊಟ ಆಗಬೇಕು. ತೂಕ ಹಾಕಿ ಕೊಡುವ ಪಿಜ್ಜಾ ಅಂಗಡಿ ಟೆರ್ಮಿನಿ ಸ್ಟೇಷನ್ ಹತ್ತಿರ ಒಳ್ಳೇದು ಯಾವುದಿದೆ? ನೀವೇ ತಿಂದಿದ್ದರೆ ಮಾತ್ರ ಹೇಳಿ, ಪ್ಲೀಸ್.