ಒಂದೇ ಕೋಶದಲ್ಲಿ ಎರಡು ಬಿಟ್: ಎಂ-ರ‍್ಯಾಮ್ ಪ್ರಾಜೆಕ್ಟ್ ಮಾಡಿದವರ ಅನುಭವ ಬೇಕು

ಪ್ರಶ್ನೆ: ಎಂ.ಟೆಕ್ ಕೊನೆಯ ವರ್ಷದ ಪ್ರಾಜೆಕ್ಟ್‌ಗೆ ಒಂದು ಕೋಶದಲ್ಲಿ ಎರಡು ಬಿಟ್ ಹಿಡಿಸುವ ಕಾಂತೀಯ ಸ್ಮರಣೆಯನ್ನು (ಎಂ-ರ‍್ಯಾಮ್) ಆರಿಸಿಕೊಳ್ಳಬೇಕೆಂದಿದ್ದೇನೆ. ಪೆನ್‌ಡ್ರೈವ್‌ಗಳಲ್ಲಿರುವ ಫ್ಲ್ಯಾಶ್‌ನಲ್ಲಿ ಮೂರು, ನಾಲ್ಕು ಬಿಟ್‌ಗಳು ಸಾಮಾನ್ಯವಾಗಿರುವಾಗ ಇಲ್ಲಿ ಎರಡು ಕಷ್ಟವಾಗಲಾರದು ಎಂಬುದು ನನ್ನ ಎಣಿಕೆ. ಒಂಬತ್ತು ತಿಂಗಳ ಅವಧಿಯಿದೆ. ಈ ದಾರಿಯಲ್ಲಿ ನಡೆದವರು ದಯವಿಟ್ಟು ತಿಳಿಸಿ.

ಮೊದಲ ಉತ್ತರ: ಆ ಎಣಿಕೆಯಿಂದಲೇ ನಾನೂ ಹೊರಟಿದ್ದೆ, ಎರಡು ತಿಂಗಳು ಕಳೆದುಕೊಂಡೆ. ಫ್ಲ್ಯಾಶ್ ಕೋಶದಲ್ಲಿ ಚಾರ್ಜನ್ನು ಸ್ವಲ್ಪ ಸ್ವಲ್ಪವಾಗಿ ತುಂಬಿ, ಪ್ರತಿ ಪಲ್ಸ್ ಆದಮೇಲೆ ಅಳೆದು ನೋಡಿ, ಬೇಕಾದ ಮಟ್ಟದಲ್ಲಿ ನಿಲ್ಲಿಸಬಹುದು. ಎಂ-ರ‍್ಯಾಮ್ ಕೋಶದ ತಿರುಳಾದ ಕಾಂತೀಯ ಸುರಂಗ ಸಂಧಿಯಲ್ಲಾದರೋ, ಸುಮಾರು ಒಂದು ನ್ಯಾನೋಮೀಟರ್ ದಪ್ಪದ ಮೆಗ್ನೀಸಿಯಂ ಆಕ್ಸೈಡ್‌ನ ಆಚೀಚೆ ಇರುವ ಎರಡು ಪದರಗಳ ಕಾಂತತ್ವ ಒಂದೇ ದಿಕ್ಕಿಗಿದ್ದರೆ ರೋಧ ಕಡಿಮೆ, ಎದುರುಬದುರಾಗಿದ್ದರೆ ಹೆಚ್ಚು. ನಡುವೆ ನಿಲ್ಲುವ ಜಾಗವೇ ಇಲ್ಲ. ಆದ್ದರಿಂದ ಎರಡನೆಯ ಬಿಟ್ ಬೇಕೆಂದರೆ ಎರಡನೆಯ ಸಂಧಿಯನ್ನೇ ಒಂದರ ಮೇಲೊಂದರಂತೆ ಕೂರಿಸಬೇಕು, ಇಲ್ಲವೇ ಒಂದೇ ಪದರದೊಳಗೆ ಸುಲಭವಾಗಿ ತಿರುಗುವ ಮತ್ತು ಕಷ್ಟದಿಂದ ತಿರುಗುವ ಎರಡು ಭಾಗಗಳನ್ನು ಉಂಟುಮಾಡಬೇಕು.

ಒಂದರ ಮೇಲೊಂದು ಕೂರಿಸುವ ಬಗೆಯನ್ನು ಕಾಗದದ ಮೇಲೆ ಲೆಕ್ಕ ಹಾಕಿ ನೋಡಿ. ಚಿಕ್ಕ ಸಂಧಿಯ ಕನಿಷ್ಠ ರೋಧ 2 ಕಿಲೋಓಮ್ ಎನ್ನೋಣ. ವಿಸ್ತೀರ್ಣ ಇಮ್ಮಡಿಯಾದ ದೊಡ್ಡದರದ್ದು 1 ಕಿಲೋಓಮ್. ಎದುರುಬದುರಾದಾಗ ಎರಡೂ ದುಪ್ಪಟ್ಟಾಗುತ್ತವೆ, ಅಂದರೆ ರೋಧದ ಏರಿಕೆ ಶೇ. 100 ಎಂದಿಟ್ಟುಕೊಂಡರೆ, ಒಟ್ಟು ರೋಧದ ನಾಲ್ಕು ಮಟ್ಟಗಳು 3, 4, 5, 6 ಎಂದು ಅಚ್ಚುಕಟ್ಟಾಗಿ ಸಿಗುತ್ತವೆ. ಈ ಅಚ್ಚುಕಟ್ಟಿಗೆ ಮರುಳಾಗಬೇಡಿ. ಪ್ರತಿ ಸಂಧಿಯ ರೋಧಕ್ಕೂ ಶೇ. 5ರ ಪ್ರಮಾಣ ವಿಚಲನೆ ಕೊಟ್ಟು ನಾನು ಸಾವಿರಾರು ಕೋಶಗಳ ಮಾಂಟೆ ಕಾರ್ಲೊ (ಬೆಲೆಗಳನ್ನು ಯಾದೃಚ್ಛಿಕವಾಗಿ ಬದಲಿಸಿ ನೋಡುವ ಸಿಮ್ಯುಲೇಶನ್) ಓಡಿಸಿದಾಗ, 5 ಮತ್ತು 6ರ ನಡುವಿನ ಗೆರೆಯನ್ನು ದಾಟಿ ತಪ್ಪಾಗಿ ಓದಲ್ಪಟ್ಟವು ನೂರಕ್ಕೆ ಸುಮಾರು ಒಂದರಂತೆ ಇದ್ದವು. ಅದೇ ವಿಚಲನೆಯಲ್ಲಿ ಒಂಟಿ ಸಂಧಿಯ ಕೋಶ ತೊಂದರೆಯಿಲ್ಲದೆ ಓದಲು ಬರುತ್ತದೆ. ಸಾಲದ್ದಕ್ಕೆ, ಓದುವ ವೋಲ್ಟೇಜ್ ಏರಿದಂತೆ ಆ ಶೇ. 100 ಇಳಿಯುತ್ತದೆ, ಶೇ. 60ಕ್ಕೆ ಬಂದರೆ ಮಟ್ಟಗಳು 3, 3.6, 4.2, 4.8 ಎಂದು ಇನ್ನಷ್ಟು ಒತ್ತೊತ್ತಾಗುತ್ತವೆ. 2008ರಲ್ಲಿ ಪ್ರಯೋಗಾಲಯದಲ್ಲಿ ಕೋಣೆಯ ಉಷ್ಣತೆಯಲ್ಲೇ ಶೇ. 604ರ ಏರಿಕೆ ಸಾಧಿಸಿದ್ದು ನಿಜವಾದರೂ, ಆ ಅಂಕಿಯನ್ನು ನಿಮ್ಮ ಮಾದರಿಗೆ ಹಾಕಿದರೆ ಪರೀಕ್ಷಕರು ಮೊದಲು ಕೇಳುವುದು ಅದನ್ನೇ.

ಬರೆಯುವ ಕ್ರಮವನ್ನೂ ಮರೆಯಬೇಡಿ. ಎರಡೂ ಸಂಧಿಗಳ ಮೂಲಕ ಹರಿಯುವುದು ಒಂದೇ ಕರೆಂಟ್. ಚಿಕ್ಕದರ ಕಾಂತದಿಕ್ಕು ಕಡಿಮೆ ಕರೆಂಟ್‌ಗೇ ತಿರುಗುವುದರಿಂದ, ಮೊದಲು ದೊಡ್ಡ ಕರೆಂಟ್ ಹಾಯಿಸಿ ಎರಡನ್ನೂ ಒಂದೇ ಸ್ಥಿತಿಗೆ ತರಬೇಕು, ಆಮೇಲೆ ಬೇಕಿದ್ದರೆ ಎದುರು ದಿಕ್ಕಿನ ಸಣ್ಣ ಕರೆಂಟ್‌ನಿಂದ ಚಿಕ್ಕದನ್ನು ಮಾತ್ರ ತಿರುಗಿಸಬೇಕು. ಹೀಗಾಗಿ 00 ಮತ್ತು 11 ಒಂದೇ ಹೆಜ್ಜೆಯಲ್ಲಿ ಮುಗಿದರೆ, 01 ಮತ್ತು 10ಕ್ಕೆ ಎರಡು ಹೆಜ್ಜೆ ಬೇಕು. ಈ ಎರಡನೆಯ ಹೆಜ್ಜೆಯಲ್ಲಿ ದೊಡ್ಡದೂ ಒಮ್ಮೊಮ್ಮೆ ತಿರುಗಿಬಿಡುವ ಸಂಭವವನ್ನು ಲೆಕ್ಕ ಹಾಕುವುದೇ ಒಂದು ಒಳ್ಳೆಯ ಪ್ರಾಜೆಕ್ಟ್ ಎಂಬುದು ನನ್ನ ಅಭಿಪ್ರಾಯ.

ಎರಡನೆಯ ಉತ್ತರ: ಮೇಲಿನವರು ಹೇಳಿದ್ದೆಲ್ಲ ಸರಿ, ನಾನು ತಯಾರಿಕೆಯ ಕಡೆಯವಳು. ಒಂಬತ್ತು ತಿಂಗಳಲ್ಲಿ ಸಾಧನವನ್ನೇ ಮಾಡಿ ಅಳೆಯುವ ಆಸೆಯಿದ್ದರೆ ಈಗಲೇ ಕೈಬಿಡಿ. ನಾನು ಮೊದಲ ಸಲ ಮಾಡಿದ ಕಂಬಗಳನ್ನು (ಕಂಬದಾಕಾರಕ್ಕೆ ಕೊರೆದ ಸಂಧಿಗಳನ್ನು) ಪ್ರೋಬ್ ಕೆಳಗಿಟ್ಟಾಗ ಕಿಲೋಓಮ್ ಬರಬೇಕಾದಲ್ಲಿ ಕೆಲವೇ ಓಮ್ ಬಂದಿತ್ತು. ಆರ್ಗಾನ್ ಅಯಾನುಗಳಿಂದ ಕೊರೆಯುವಾಗ ಎದ್ದ ಲೋಹವು ಕಂಬದ ಪಕ್ಕಕ್ಕೇ ಮೆತ್ತಿಕೊಂಡು, ಆಕ್ಸೈಡ್ ಪದರವನ್ನು ಸುತ್ತಿಹೋಗುವಂತೆ ಕರೆಂಟ್‌ಗೆ ಅಡ್ಡದಾರಿ ಮಾಡಿಕೊಟ್ಟಿತ್ತು. ವೇಫರನ್ನು ಓರೆಯಾಗಿಟ್ಟು ಪಕ್ಕಗಳನ್ನು ಮತ್ತೆ ಕೆರೆದ ಮೇಲೆ ಸರಿಹೋಯಿತು. ಆದರೆ ಅಷ್ಟರಲ್ಲಿ ಒಂದು ಸೆಮಿಸ್ಟರ್ ಮುಗಿದಿತ್ತು, ಅದೂ ಒಂಟಿ ಸಂಧಿಗೆ. ಎರಡನ್ನು ಮೇಲೆ ಮೇಲೆ ಕೂರಿಸಿದರೆ ಒಂದರ ಕಾಂತಕ್ಷೇತ್ರ ಇನ್ನೊಂದರ ತಿರುಗುವಿಕೆಯನ್ನು ಒಂದು ದಿಕ್ಕಿಗೆ ವಾಲಿಸುವ ತಲೆನೋವೂ ಸೇರುತ್ತದೆ. ಇದನ್ನು ಸಿಮ್ಯುಲೇಶನ್‌ನಲ್ಲಿ ಬಿಟ್ಟುಬಿಡಬೇಡಿ.

ಮೂರನೆಯ ಉತ್ತರ: ಒಂದೇ ಪದರದ ಎರಡು ಭಾಗಗಳ ಬಗೆಯನ್ನು ನಾನು ಮ್ಯೂಮ್ಯಾಕ್ಸ್3 ಎಂಬ ಕಾಂತತ್ವದ ಸಿಮ್ಯುಲೇಶನ್ ತಂತ್ರಾಂಶದಲ್ಲಿ ಮಾಡಿದ್ದೆ, ಅದು ಉಚಿತ, ಎನ್‌ವಿಡಿಯಾ ಕಾರ್ಡ್ ಇದ್ದರೆ ಸಾಕು. ಪದರವನ್ನು 10 ನ್ಯಾನೋಮೀಟರ್ ಚೌಕಗಳಾಗಿ ಹೋಳುಮಾಡಿದ ಜಾಲರಿಯಲ್ಲಿ ಸೊಗಸಾದ ಮಧ್ಯಂತರ ಸ್ಥಿತಿಯೊಂದು ಕಂಡು, ಮಾರ್ಗದರ್ಶಕರಿಗೆ ತೋರಿಸಿ ಹೊಗಳಿಸಿಕೊಂಡದ್ದೂ ಆಯಿತು. ಜಾಲರಿಯನ್ನು 2.5ಕ್ಕೆ ಇಳಿಸಿದ ರಾತ್ರಿ ಆ ಸ್ಥಿತಿ ಮಾಯವಾಯಿತು. ಜಾಲರಿಯ ಅಳತೆ ವಸ್ತುವಿನ ವಿನಿಮಯ ದೂರಕ್ಕಿಂತ (ಅಕ್ಕಪಕ್ಕದ ಕಾಂತದಿಕ್ಕುಗಳು ಹೆಚ್ಚುಕಡಿಮೆ ಒಂದೇ ಆಗಿ ಉಳಿಯುವ ದೂರ), ಎಂದರೆ ಈ ವಸ್ತುಗಳಲ್ಲಿ ಕೆಲವೇ ನ್ಯಾನೋಮೀಟರ್‌ಗಿಂತ, ಸಣ್ಣದಿರಲೇಬೇಕು. ತೋರಿಸುವ ಮೊದಲು ಜಾಲರಿಯನ್ನು ಒಮ್ಮೆ ಅರ್ಧ ಮಾಡಿ ನೋಡಿ.