ಜೋಡುನಳಿಗೆ ಕೋವಿ ಮುಚ್ಚಿದ ಮೇಲೂ ಕಟಕಟ ಎನ್ನುತ್ತದೆ, ತೆಂಗಿನಕಾಯಿಗೆ ಹೊಡೆಯಬಹುದೇ?

ಐನ್‌ಮನೆ ಹುಡುಗ:
ಅಜ್ಜನ ಕಾಲದ 12 ಬೋರಿನ, ತೋಟಾ (ಕಾಡತೂಸು) ಹಾಕುವ ಕೋವಿ. ಹೊರಗೆ ಹ್ಯಾಮರ್ ಇರುವ ಮಾದರಿ, ನಳಿಗೆಯ ಅಡಿಯಲ್ಲಿ ಬರ್ಮಿಂಗ್‌ಹ್ಯಾಮ್‌ ಮುದ್ರೆಗಳಿವೆ. ಕೈಲ್‌ಪೊಳ್ದ್‌ಗೆ (ಕೊಡಗಿನ ಆಯುಧಪೂಜೆಯ ಹಬ್ಬ) ಇಳಿಸಿ, ಗಂಧ ಹಚ್ಚಿ, ಬಾಯಿಗೆ ತೋಕ್ ಪೂ (ಕೋವಿ ಹೂ) ಸಿಕ್ಕಿಸಿ ಪೂಜೆ ಮಾಡಿ ಮತ್ತೆ ಮೇಲಿಡುತ್ತೇವೆ. ಈಡು ಹೊಡೆದು ಮೂವತ್ತು ವರ್ಷವಾಯಿತು. ಈ ಸಲ ಸೆಪ್ಟೆಂಬರ್ 3ಕ್ಕೆ ಕಾಯಿಗೆ ಹೊಡೆಯುವ ಆಸೆ. ಆದರೆ ಮುಚ್ಚಿ ಅಲುಗಾಡಿಸಿದರೆ ಕಟಕಟ ಸದ್ದು. ಎಡ ನಳಿಗೆಯೊಳಗೆ ತುಕ್ಕಿನ ಚುಕ್ಕೆ. ಬಲಗಡೆಯ ಹ್ಯಾಮರ್ ಅರ್ಧಕ್ಕೆ ಎಳೆದರೆ ನಿಲ್ಲದೆ ಜಾರುತ್ತದೆ. ನಳಿಗೆಯ ಮೇಲೆಲ್ಲ ಅಲೆಅಲೆಯಾದ ಗೀರುಗಳೂ ಇವೆ. ಮರಳು ಕಾಗದ ತಂದಿಟ್ಟಿದ್ದೇನೆ.

ತೋಟದ ಮೂಲೆ:
ಸೀಮೆಎಣ್ಣೆ ಹಾಕಿ ಉಜ್ಜಿ. ಸಡಿಲಕ್ಕೆ ಡಬ್ಬದ ತಗಡಿನ ಚೂರೊಂದನ್ನು ನಳಿಗೆಯನ್ನು ಕೀಲಿಗೆ ಸಿಕ್ಕಿಸುವ ಕೊಕ್ಕೆಯ ಅಡಿಗೆ ಇಟ್ಟರೆ ಬಿಗಿಯಾಗುತ್ತದೆ. ನಮ್ಮ ಕೋವಿಗೆ ಹಾಗೇ ಮಾಡಿದೆವು.

ಹಳೇ ಕೋವಿ:
ತಗಡು ಬಿಗಿಯಾದಂತೆ ತೋರಿಸುತ್ತದೆ, ನಾಲ್ಕು ಈಡಿಗೆ ಚಪ್ಪಟೆಯಾಗುತ್ತದೆ. ದಯವಿಟ್ಟು ಬೇಡ. ತಮ್ಮಾ, ಮರಳು ಕಾಗದವನ್ನೂ ದೂರ ಇಡು. ನೀನು ಗೀರು ಎನ್ನುತ್ತಿರುವುದು ಡಮಾಸ್ಕಸ್ ನಳಿಗೆಯ ನೇಯ್ಗೆ ಇರಬೇಕು. ಕಬ್ಬಿಣ ಮತ್ತು ಉಕ್ಕಿನ ಪಟ್ಟಿಗಳನ್ನು ಹೊಸೆದು, ಸರಳಿಗೆ ಸುತ್ತಿ, ಕಾಯಿಸಿ ಬೆಸೆದ ಗುರುತು ಅದು. ಉಜ್ಜಿದರೆ ಅಂದವೂ ಹೋಗುತ್ತದೆ, ಲೋಹವೂ ಹೋಗುತ್ತದೆ.

ತೋಟಾ ಇಲ್ಲವೆಂದು ಎರಡು ಸಲ ನೋಡಿಕೊಂಡು, ನಳಿಗೆಯಡಿಯ ಮರದ ಹಿಡಿಯನ್ನು ಕಳಚು. ಅದರ ಸ್ಪ್ರಿಂಗು ಸಡಿಲವನ್ನು ಮುಚ್ಚಿಡುತ್ತದೆ. ಸಿಗರೇಟ್ ಪೊಟ್ಟಣದೊಳಗಿನ ತೆಳು ಕಾಗದವನ್ನು ನಳಿಗೆಯ ಹಿಂಬದಿಗೂ ಅದು ಕೂರುವ ಮುಖಕ್ಕೂ ನಡುವೆ ಇಟ್ಟು ಮುಚ್ಚಿ ಎಳೆ. ಸುಲಭವಾಗಿ ಬಂದರೆ ಕೀಲಿನ ಪಿನ್ನು ಮತ್ತು ಕೊಕ್ಕೆ ಸವೆದಿವೆ. ಆಮೇಲೆ ನಳಿಗೆಗಳನ್ನು ಬಿಡಿಸಿ, ಕೊಕ್ಕೆಗೆ ದಾರ ಕಟ್ಟಿ ತೂಗುಹಾಕಿ ಬೆರಳ ಗಿಣ್ಣಿನಿಂದ ಕುಟ್ಟು. ಗಂಟೆಯಂತೆ ನುಡಿಯಬೇಕು.

ಮುದ್ರೆಗಳ ನಡುವೆ ಕಿರೀಟದಡಿ ಎನ್‌ಪಿ ಅಕ್ಷರ ಇದೆಯೇ? ಅದು ಈಗಿನ ತೋಟಾಗಳ ಹೊಗೆರಹಿತ ಮದ್ದಿಗೆ ಪರೀಕ್ಷೆಯಾದ ಗುರುತು. ಇಲ್ಲದಿದ್ದರೆ ಅದು ಕರಿಮದ್ದಿನ ಕೋವಿಯೆಂದೇ ತಿಳಿ.

ಐನ್‌ಮನೆ ಹುಡುಗ:
ಕಾಗದ ಸಲೀಸಾಗಿ ಬಂತು ಅಣ್ಣ. ಕುಟ್ಟಿದರೆ ಒಡೆದ ಗಡಿಗೆಯ ಸದ್ದು. ಎನ್‌ಪಿ ಇಲ್ಲ. ಆದರೆ ಅಂಗಡಿಯ ತೋಟಾ ಒಳಗೆ ಸರಿಯಾಗಿ ಕೂರುತ್ತದೆ.

ಹಳೇ ಕೋವಿ:
ಕೂರುವುದೇ ಮೋಸ. ಈಗಿನ ತೋಟಾದ 70 ಮಿ.ಮೀ. ಎಂಬುದು ಹೊಡೆದ ಮೇಲೆ ಬಾಯಿ ಬಿಚ್ಚಿಕೊಂಡಾಗಿನ ಉದ್ದ. ಮಡಚಿದ ಬಾಯಿಯಲ್ಲಿ ಅದು ಗಿಡ್ಡ, ಹಾಗಾಗಿ ನಳಿಗೆಯಲ್ಲಿ ತೋಟಾ ಕೂರುವ 65 ಮಿ.ಮೀ. ಗೂಡಿನಲ್ಲೂ ಕೂರುತ್ತದೆ. ಈಡು ಹಾರುವಾಗ ಬಾಯಿ ಬಿಚ್ಚಲು ಜಾಗವಿಲ್ಲದೆ ಒತ್ತಡ ಏರುತ್ತದೆ. ಆ ಹೊತ್ತಿನಲ್ಲಿ ನಿನ್ನ ಎಡಗೈ ಇರುವುದು ಅದರ ಸ್ವಲ್ಪ ಮುಂದೆಯೇ.

ಗಡಿಗೆಯ ಸದ್ದೆಂದರೆ ನಳಿಗೆಗಳ ನಡುವಿನ ಪಟ್ಟಿಯ ಬೆಸುಗೆ ಬಿಟ್ಟಿದೆ. ಹ್ಯಾಮರ್ ಜಾರುವುದು ಒಳಗಿನ ಕಚ್ಚು ಸವೆದದ್ದರಿಂದ. ಅದಕ್ಕೆ ಅರ ಹಿಡಿದು ಕೂರಬೇಡ, ಕೈ ತಪ್ಪಿದರೆ ಕೋವಿ ತಾನಾಗಿಯೇ ಸಿಡಿಯುವಂತಾಗುತ್ತದೆ. ಜಮ್ಮಾ ವಿನಾಯಿತಿ (ಕೊಡಗಿನ ಜಮ್ಮಾ ಹಿಡುವಳಿದಾರರಿಗೆ ಪರವಾನಗಿಯಿಂದ ಇರುವ ವಿನಾಯಿತಿ) ಇರುವುದು ಕೋವಿ ಇಟ್ಟುಕೊಳ್ಳುವುದಕ್ಕೆ. ದುರಸ್ತಿಗೆ 1959ರ ಶಸ್ತ್ರಾಸ್ತ್ರ ಕಾಯಿದೆಯಂತೆ ಪರವಾನಗಿ ಇರುವವರ ಬಳಿಗೇ ಹೋಗಬೇಕು. ಮೊದಲು ನಳಿಗೆಯ ಗೋಡೆಯ ದಪ್ಪ ಅಳೆಸು. ಅರ್ಧ ಮಿ.ಮೀ.ಗಿಂತ ತೆಳುವಾಗಿದ್ದರೆ ಉಳಿದ ದುರಸ್ತಿಗೆ ದುಡ್ಡು ಸುರಿಯಬೇಡ.

ಐನ್‌ಮನೆ ಹುಡುಗ:
ಅಳೆಸಿ ಬಂದೆ. ಬಲಗಡೆ ಪರವಾಗಿಲ್ಲ. ಎಡಗಡೆ, ತುಕ್ಕು ಕೊರೆದ ಕಡೆ 0.4 ಮಿ.ಮೀ. ಇದೆ. ದುರಸ್ತಿಯವರು ಮೀಟರಿನ ಮುಳ್ಳನ್ನು ನನಗೇ ತೋರಿಸಿ, ಏನೂ ಹೇಳದೆ ಕೋವಿಯನ್ನು ಬಟ್ಟೆಯಲ್ಲಿ ಸುತ್ತಿಕೊಟ್ಟರು. ಎಣ್ಣೆ ಸವರಿ ಅದರ ಜಾಗದಲ್ಲೇ ಇಟ್ಟಿದ್ದೇನೆ. ತೋಕ್ ಪೂ ಅದಕ್ಕೆ, ಕಾಯಿಗೆ ಚಿಕ್ಕಪ್ಪನ ಕೋವಿ. ಮರಳು ಕಾಗದ ಕಿಟಕಿಯ ಹಳೇ ಬಣ್ಣ ಕೆರೆಯಲು ಹೋಯಿತು.

ತೋಟದ ಮೂಲೆ:
ನಮ್ಮ ಕೋವಿಯ ತಗಡು ತೆಗೆದೆ. ಸದ್ದು ಮೊದಲಿಗಿಂತ ಜೋರಾಗಿದೆ. ಹಳೇ ಕೋವಿ ಅಣ್ಣ, ದಪ್ಪ ಅಳೆಯಲು ಎಷ್ಟು ಹೊತ್ತು ಬೇಕು?