ಹಳದಿ ಬಾವುಟದ ಅಂಗಡಿಯಲ್ಲಿ ಪುಟ್ಟಿ ತಿನ್ನಬಹುದಾ?

ಗುಂಪು: ನಮ್ಮನೆ ಮಂದಿ, ಬ್ಯಾಂಕಾಕ್ ಪ್ರವಾಸ

ದೊಡ್ಡಪ್ಪ: (ಫಾರ್ವರ್ಡ್) ಥಾಯ್ಲೆಂಡ್‌ಗೆ ಹೊರಟ ಸಸ್ಯಾಹಾರಿಗಳೇ, ಚಿಂತೆ ಬಿಡಿ! ಹಳದಿ ಬಾವುಟದ ಮೇಲೆ ಕೆಂಪು ಅಕ್ಷರ ಕಂಡರೆ ಅದು 'ಜೇ' ಅಂಗಡಿ. ಮಾಂಸ, ಮೀನು, ಮೊಟ್ಟೆ, ಹಾಲು, ಈರುಳ್ಳಿ, ಬೆಳ್ಳುಳ್ಳಿ ಯಾವುದೂ ಇರುವುದಿಲ್ಲ. ಅದು ಅನ್ನದ ದೇಶ, ಗೋಧಿಯ ಸೋಂಕೂ ಇಲ್ಲ. ಗ್ಲುಟನ್ ಆಗದವರೂ ಕಣ್ಣು ಮುಚ್ಚಿ ತಿನ್ನಬಹುದು. ಎಲ್ಲ ಗುಂಪುಗಳಿಗೂ ಕಳಿಸಿ.

ದೊಡ್ಡಪ್ಪ: ಇನ್ನೇನು ಬೇಕು ವೀಣಾ? ನಮ್ಮ ನವರಾತ್ರಿಯ ಹೊತ್ತಿಗೇ ಅವರದ್ದೂ ಒಂಬತ್ತು ದಿನದ ಹಬ್ಬ ಬರುತ್ತದಂತೆ. ಪುಟ್ಟಿಯ ಊಟದ ಚಿಂತೆ ಮುಗಿಯಿತು ಬಿಡು.

ಲತಾ ಚಿಕ್ಕಮ್ಮ: ದೇವರು ದೊಡ್ಡವನು 🙏

ವೀಣಾ: ದೊಡ್ಡಪ್ಪ, ಹಬ್ಬದ ವಿಷಯ ಎಷ್ಟೋ ವರ್ಷ ನಿಜ, ಪ್ರತಿ ವರ್ಷವೂ ಅಲ್ಲ. 2023ರಲ್ಲೂ 2024ರಲ್ಲೂ ಅವರ ಜೇ ಹಬ್ಬ ನಮ್ಮ ನವರಾತ್ರಿ ಶುರುವಾದ ದಿನವೇ ಶುರುವಾಗಿತ್ತು. ಈರುಳ್ಳಿ ಬೆಳ್ಳುಳ್ಳಿ ಹಾಕುವುದಿಲ್ಲ ಅನ್ನುವುದೂ ನಿಜ. ಆದರೆ ಗೋಧಿಯ ಬಗ್ಗೆ ಬರೆದಿರುವುದು ಪೂರ್ತಿ ತಪ್ಪು. ದಯವಿಟ್ಟು ಬೇರೆ ಗುಂಪಿಗೆ ಕಳಿಸಬೇಡಿ. ಪುಟ್ಟಿಗಿರುವುದು ಸೀಲಿಯಾಕ್ ಕಾಯಿಲೆ, ಗೋಧಿಯಲ್ಲಿರುವ ಗ್ಲುಟನ್ ಅನ್ನುವ ಪ್ರೊಟೀನ್ ಅವಳಿಗೆ ಆಗುವುದಿಲ್ಲ. ಅವಳು ಎಲ್ಲಕ್ಕಿಂತ ಜಾಸ್ತಿ ಹುಷಾರಾಗಿರಬೇಕಾದದ್ದೇ ಆ ಹಳದಿ ಬಾವುಟದ ಅಂಗಡಿಯಲ್ಲಿ.

ದೊಡ್ಡಪ್ಪ: ಅದು ಹೇಗಮ್ಮ? ಅನ್ನ, ಅಕ್ಕಿ ನೂಡಲ್ಸ್, ತೆಂಗಿನ ಹಾಲು. ಗೋಧಿ ಎಲ್ಲಿಂದ ಬಂತು?

ವೀಣಾ: ಸಾಸ್ ಬಾಟಲಿಯಿಂದ. ಥಾಯ್ ಅಡುಗೆಗೆ ಉಪ್ಪಿನ ರುಚಿ ಕೊಡುವುದು ಮೀನಿನ ಸಾಸ್. ಮೀನು, ಉಪ್ಪು ಎರಡನ್ನೇ ತಿಂಗಳುಗಟ್ಟಲೆ ಇಟ್ಟು ಇಳಿಸಿದ ರಸ ಅದು. ಅದರಲ್ಲಿ ಗೋಧಿ ಇಲ್ಲ. ನಾವು ಮೀನು ಬೇಡ ಅಂದ ತಕ್ಷಣ ಅಡುಗೆಯವರು ಅದರ ಬದಲು ಸೋಯಾ ಸಾಸ್ ಹಾಕುತ್ತಾರೆ. ಸೋಯಾ ಸಾಸ್ ಅಂದರೆ ಬರೀ ಸೋಯಾ ಅಲ್ಲ. ಬೇಯಿಸಿದ ಸೋಯಾ ಕಾಳಿಗೆ ಹುರಿದು ಒಡೆದ ಗೋಧಿಯನ್ನೋ ಗೋಧಿ ಹಿಟ್ಟನ್ನೋ ಸೇರಿಸಿ, ಬೂಷ್ಟು ಬರಿಸಿ, ಉಪ್ಪುನೀರಿನಲ್ಲಿ ಹುದುಗಲು ಬಿಡುತ್ತಾರೆ. ಜಪಾನಿನ ಮಾಮೂಲಿ ಸೋಯಾ ಸಾಸ್‌ನಲ್ಲಂತೂ ಸೋಯಾ, ಗೋಧಿ ಹೆಚ್ಚುಕಡಿಮೆ ಸಮಸಮ. ಹಾಗಾಗಿ ಮೀನು ತಿನ್ನುವ ಸೀಲಿಯಾಕ್‌ನವರಿಗೆ ಥಾಯ್ಲೆಂಡ್ ಸ್ವಲ್ಪ ಸುಲಭ. ಸಸ್ಯಾಹಾರಿಗಳಾದ ನಮಗೇ ಕಷ್ಟ. ಫಾರ್ವರ್ಡ್ ಬರೆದವರಿಗೆ ಈ ಎರಡನ್ನೂ ಒಟ್ಟಿಗೆ ಯೋಚಿಸುವುದು ಹೊಳೆದಿಲ್ಲ.

ವೀಣಾ: ಇನ್ನೊಂದು. ಜೇ ಅಂಗಡಿಯಲ್ಲಿ ಬಾತುಕೋಳಿ ಮಾಂಸದ ಥರ ಕಾಣುವ ತುಂಡುಗಳನ್ನು ಜೋಡಿಸಿಟ್ಟಿರುತ್ತಾರೆ. ಕೆಲವು ಸೋಯಾ, ಕೆಲವು ಅಣಬೆ. ಎಷ್ಟೋ ತುಂಡುಗಳು ಮಾತ್ರ ಗೋಧಿಯ ಗ್ಲುಟನ್ನೇ. ಕಲಸಿದ ಚಪಾತಿ ಹಿಟ್ಟನ್ನು ನೀರಿನಲ್ಲಿ ಹಿಸುಕಿ ತೊಳೆಯುತ್ತಾ ಹೋಗಿ. ನೀರು ಹಾಲಿನಂತೆ ಬೆಳ್ಳಗಾಗುತ್ತದೆ, ಕೊನೆಗೆ ಕೈಯಲ್ಲಿ ಎಳೆದರೆ ಹಿಗ್ಗುವ ಒಂದು ಮುದ್ದೆ ಉಳಿಯುತ್ತದೆ. ಅದನ್ನೇ ಬೇಯಿಸಿ, ಸೋಯಾ ಸಾಸ್‌ನಲ್ಲಿ ನೆನೆಸಿ, ಹೆಚ್ಚಿ ಇಡುವುದು. ನಾವು ಪುಟ್ಟಿಯಿಂದ ದೂರ ಇಡುವ ವಸ್ತುವನ್ನೇ ಶುದ್ಧ ರೂಪದಲ್ಲಿ ತಟ್ಟೆಗೆ ಹಾಕಿದಂತೆ.

ಲತಾ ಚಿಕ್ಕಮ್ಮ: ಅಯ್ಯೋ ರಾಮ.

ರಘು: ಅಕ್ಕ, ಒಂದು ಮಾತು. ಸೋಯಾ ಸಾಸ್ ತಿಂಗಳುಗಟ್ಟಲೆ ಹುದುಗುತ್ತದೆ. ಅಷ್ಟರಲ್ಲಿ ಗೋಧಿಯ ಪ್ರೊಟೀನ್ ಒಡೆದುಹೋಗುತ್ತದೆ ಅಲ್ವಾ? ಕಿಟ್‌ನಲ್ಲಿ ಪರೀಕ್ಷೆ ಮಾಡಿದರೆ 20 ಪಿಪಿಎಂಗಿಂತ (ಅಂದರೆ ಕಿಲೋಗೆ 20 ಮಿಲಿಗ್ರಾಂಗಿಂತ) ಕಡಿಮೆ ಬರುತ್ತದೆ ಅಂತ ಎಷ್ಟೋ ಕಡೆ ಓದಿದ್ದೇನೆ. ಗ್ಲುಟನ್ ಫ್ರೀ ಅನ್ನಲು ಇರುವ ಮಿತಿಯೂ ಅಷ್ಟೇ, ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐನದ್ದೂ. ದೊಡ್ಡಪ್ಪ ಹೇಳಿದ್ದನ್ನು ಪೂರ್ತಿ ತಪ್ಪು ಅಂದುಬಿಡಬೇಡ.

ವೀಣಾ: ಒಳ್ಳೆಯ ಪ್ರಶ್ನೆ ರಘು. ಒಡೆಯುತ್ತದೆ, ಆದರೆ ಮಾಯವಾಗುವುದಿಲ್ಲ. ಚೂರುಗಳು ಉಳಿಯುತ್ತವೆ. ಮಾಮೂಲಿ ಕಿಟ್ ಇಡೀ ಪ್ರೊಟೀನನ್ನು ಹಿಡಿಯಲು ಮಾಡಿದ್ದು, ಚೂರುಗಳನ್ನು ಸರಿಯಾಗಿ ಅಳೆಯಲಾರದು. ಅಂಕಿ ಕಡಿಮೆ ಬಂದರೆ ಇಲ್ಲ ಅಂತ ಅರ್ಥವಲ್ಲ. ಈ ಕಾರಣಕ್ಕೇ ಅಮೆರಿಕದ ಆಹಾರ ನಿಯಂತ್ರಣ ಸಂಸ್ಥೆ ಎಫ್‌ಡಿಎ 2020ರಲ್ಲಿ ಹುದುಗಿಸಿದ ಆಹಾರಕ್ಕೆ ಬೇರೆ ನಿಯಮ ತಂದಿತು. ಹುದುಗಿಸುವ ಮುಂಚೆಯೇ ಪದಾರ್ಥದಲ್ಲಿ ಗ್ಲುಟನ್ ಇರಲಿಲ್ಲ ಅಂತ ತಯಾರಕರು ದಾಖಲೆ ಇಟ್ಟಿದ್ದರೆ ಮಾತ್ರ ಗ್ಲುಟನ್ ಫ್ರೀ ಅಂತ ಬರೆಯಬಹುದು. ಗೋಧಿಯಿಂದಲೇ ಮಾಡಿದ ಸೋಯಾ ಸಾಸ್‌ಗೆ ಅದು ಸಾಧ್ಯವಿಲ್ಲ.

ರಘು: ಇದು ನನಗೆ ಗೊತ್ತಿರಲಿಲ್ಲ.

ದೊಡ್ಡಪ್ಪ: ಇಷ್ಟೆಲ್ಲ ಬೇಕಾ? ಹೋದ ವರ್ಷ ಮದುವೆ ಮನೆಯಲ್ಲಿ ನೀನಿಲ್ಲದಾಗ ಗೋಬಿ ಮಂಚೂರಿ ತಿಂದಳು. ಏನೂ ಆಗಲಿಲ್ಲ. ನಮ್ಮ ಕಾಲದಲ್ಲಿ ಇಂಥ ಕಾಯಿಲೆ ಇತ್ತಾ?

ವೀಣಾ: ಮಂಚೂರಿಗೆ ಮೈದಾನೂ ಹಾಕುತ್ತಾರೆ, ಸೋಯಾ ಸಾಸೂ ಹಾಕುತ್ತಾರೆ ದೊಡ್ಡಪ್ಪ. ಹೊಟ್ಟೆ ನೋಯಲಿಲ್ಲ ಅಂದರೆ ಏನೂ ಆಗಲಿಲ್ಲ ಅಂತಲ್ಲ. ಇದು ಅಲರ್ಜಿಯಲ್ಲ, ತುರಿಕೆ ಬಂದು ಹೋಗುವಂಥದ್ದಲ್ಲ. ಗ್ಲುಟನ್ ಕಂಡಾಗ ಅವಳ ದೇಹ ಸಣ್ಣ ಕರುಳಿನ ಒಳಪದರದ ಮೇಲೇ ತಿರುಗಿ ಬೀಳುತ್ತದೆ. ಅನ್ನದ ಸಾರ ಹೀರುವ ಸಣ್ಣ ಎಳೆಗಳು ಸವೆದು ಹೋಗುತ್ತವೆ. ಎಷ್ಟೋ ಸಲ ಹೊರಗೆ ಏನೂ ಕಾಣದೆಯೇ ಆಗುತ್ತದೆ. ಕಾಯಿಲೆ ಆಗಲೂ ಇತ್ತು. ಮಕ್ಕಳು ಸೊರಗುತ್ತಿದ್ದರು, ಕಾರಣ ತಿಳಿಯುತ್ತಿರಲಿಲ್ಲ. ಗೋಧಿಯೇ ಕಾರಣ ಅಂತ ಡಚ್ ಮಕ್ಕಳ ವೈದ್ಯ ವಿಲ್ಲೆಮ್ ಡಿಕೆ ತಮ್ಮ ಪ್ರಬಂಧದಲ್ಲಿ ತೋರಿಸಿದ್ದೇ 1950ರಲ್ಲಿ. ಪುಟ್ಟಿ ಎತ್ತರ ಬೆಳೆಯದೆ ನಿಂತಿದ್ದನ್ನು ನೀವೇ ನೋಡಿದ್ದೀರಿ. ಗೋಧಿ ಬಿಟ್ಟ ಮೇಲೆ ಬೆಳೆದಿದ್ದನ್ನೂ ನೋಡಿದ್ದೀರಿ.

ದೊಡ್ಡಪ್ಪ: ನೋಡಿದ್ದೇನೆ. ನನ್ನ ಸಂಕಟ ಬೇರೆ. ನಾವೆಲ್ಲ ಬಿಸಿಬಿಸಿ ತಿನ್ನುವಾಗ ಆ ಮಗು ಡಬ್ಬಿ ಬಿಚ್ಚಿ ತಣ್ಣಗಿನ ಅವಲಕ್ಕಿ ತಿನ್ನುತ್ತಾ ಕೂರಬೇಕಾ? ಅಷ್ಟು ದೂರ ಕರೆದುಕೊಂಡು ಹೋಗಿ?

ವೀಣಾ: ಕೂರಿಸುವುದಿಲ್ಲ ದೊಡ್ಡಪ್ಪ. ನನಗೂ ಅದು ಬೇಡ. ಮಾವಿನ ಹಣ್ಣು, ಅಂಟು ಅಕ್ಕಿಯ ಅನ್ನ, ಮೇಲೆ ತೆಂಗಿನ ಹಾಲು, ಸಕ್ಕರೆ, ಚಿಟಿಕೆ ಉಪ್ಪು. ಬೀದಿಯಲ್ಲೂ ಸಿಗುತ್ತದೆ. ಅಂಟು ಅಕ್ಕಿಯಲ್ಲಿ ಗ್ಲುಟನ್ ಇಲ್ಲ. ಹಣ್ಣುಗಳಂತೂ ರಾಶಿ ರಾಶಿ. ನೂಡಲ್ಸ್ ಬೇಕು ಅಂದರೆ ಅಕ್ಕಿಯದು, ಹೆಸರುಕಾಳಿನ ಗಾಜಿನಂಥ ನೂಡಲ್ಸ್ ಎರಡೂ ಆಗುತ್ತವೆ. ಹಳದಿ ಬಣ್ಣದ ಮೊಟ್ಟೆ ನೂಡಲ್ಸ್ ಗೋಧಿಯದು, ಅದು ಬೇಡ. ಒಂದು ಊಟ ಒಳ್ಳೆಯ ಹೋಟೆಲಿನಲ್ಲಿ, ಜನ ಕಡಿಮೆ ಇರುವ ಹೊತ್ತಿಗೆ ಹೋಗಿ, ಬಾಣಸಿಗರ ಹತ್ತಿರವೇ ಮಾತಾಡೋಣ. ಸಾಬೂನು ಹಾಕಿ ತೊಳೆದ ಬಾಣಲೆ, ಹೊಸ ಎಣ್ಣೆ, ಬರೀ ಉಪ್ಪು, ಹುಣಸೆಹಣ್ಣು, ತಾಳೆಬೆಲ್ಲ. ಅಕ್ಕಿ ನೂಡಲ್ಸ್ ಹುರಿದು ಮಾಡುವ ಪ್ಯಾಡ್ ಥಾಯ್ ಚೆನ್ನಾಗಿಯೇ ಆಗುತ್ತದೆ. ಗೋಧಿ ಇಲ್ಲದ ತಮಾರಿ ಅನ್ನುವ ಸೋಯಾ ಸಾಸ್‌ನ ಸಣ್ಣ ಬಾಟಲಿ ನಾನೇ ತರುತ್ತೇನೆ. ಎಲ್ಲ ತಮಾರಿಯೂ ಗೋಧಿ ಇಲ್ಲದ್ದಲ್ಲ, ಲೇಬಲ್ ಓದಿಯೇ ಕೊಳ್ಳಬೇಕು.

ರಘು: ಬೀದಿ ಗಾಡಿಯ ಪ್ಯಾಡ್ ಥಾಯ್?

ವೀಣಾ: ಬೇಡ. ಹಿಂದಿನವರ ಸೋಯಾ ಸಾಸ್ ಅಂಟಿಕೊಂಡ ಬಾಣಲೆಯಲ್ಲೇ ಮುಂದಿನದೂ ಮಾಡುತ್ತಾರೆ. ಎಷ್ಟೇ ಕಾದರೂ ಗ್ಲುಟನ್ ಸುಟ್ಟುಹೋಗುವುದಿಲ್ಲ.

ರಘು: ಆಯ್ತು. ಆಫೀಸಿನಲ್ಲಿ ಥಾಯ್ ಸಹೋದ್ಯೋಗಿ ಇದ್ದಾರೆ. ಚೀಟಿ ಬರೆಸುತ್ತೇನೆ. 'ಈ ಮಗುವಿಗೆ ಗೋಧಿ ಆಗುವುದಿಲ್ಲ', ಸಾಕಾ?

ವೀಣಾ: ಸಾಲದು. ಸೋಯಾ ಸಾಸ್ ಸುರಿಯುವಾಗ ಗೋಧಿ ಹಾಕುತ್ತಿದ್ದೇನೆ ಅಂತ ಯಾವ ಅಡುಗೆಯವರಿಗೂ ಅನ್ನಿಸುವುದಿಲ್ಲ. ಸೋಯಾ ಸಾಸ್ ಬೇಡ, ಸಿಂಪಿಯ (ಆಯ್ಸ್ಟರ್) ಸಾಸ್ ಬದಲು ಅಣಬೆಯಿಂದ ಮಾಡುವ ಸಾಸ್ ಬೇಡ, ಸೋಯಾ ಕಾಳಿನ ಪೇಸ್ಟ್ ಬೇಡ, ಮೈದಾ ಬೇಡ, ನಕಲಿ ಮಾಂಸ ಬೇಡ ಅಂತ ಒಂದೊಂದೇ ಹೆಸರು ಬರೆಸು. ಮೀನಿನ ಸಾಸ್, ಸೀಗಡಿ ಪೇಸ್ಟ್ ಬೇಡ ಅನ್ನುವುದೂ ಅದೇ ಚೀಟಿಯಲ್ಲಿ ಇರಲಿ. ಎರಡು ಚೀಟಿ ಕೊಟ್ಟರೆ ಒಂದನ್ನು ಓದುತ್ತಾರೆ, ಇನ್ನೊಂದನ್ನು ಬಿಡುತ್ತಾರೆ.

ಲತಾ ಚಿಕ್ಕಮ್ಮ: ವೀಣಾ, ನಾನು ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ಮೆಂತ್ಯದ ಹಿಟ್ಟು ಮಾಡಿ ಕೊಡುತ್ತೇನೆ. ಮನೆಯದ್ದು, ಭಯವಿಲ್ಲ.

ವೀಣಾ: ಚಿಕ್ಕಮ್ಮ, ಮೆಂತ್ಯದ ಹಿಟ್ಟಿಗೆ ಗೋಧಿ ಹುರಿದು ಹಾಕುತ್ತೀರಲ್ಲ? ಅದು ನಮಗಿರಲಿ, ಪುಟ್ಟಿಗೆ ಬೇಡ. ಗೊಜ್ಜಿಗೆ ಯಾವ ಇಂಗು? ಡಬ್ಬಿಯ ಹಿಂದೆ ಏನು ಬರೆದಿದೆ ನೋಡಿ.

ಲತಾ ಚಿಕ್ಕಮ್ಮ: ತಡಿ, ಕನ್ನಡಕ ಹಾಕಿಕೊಂಡೆ. ಗೋಂದು, ಗೋಧಿ ಹಿಟ್ಟು, ಇಂಗು. ಇಷ್ಟು ವರ್ಷ ಓದೇ ಇರಲಿಲ್ಲ.

ವೀಣಾ: ಅಕ್ಕಿ ಹಿಟ್ಟು ಸೇರಿಸಿದ ಇಂಗೂ ಸಿಗುತ್ತದೆ. ಭಾನುವಾರ ತಂದು ಕೊಡುತ್ತೇನೆ. ಅಲ್ಲಿಯವರೆಗೆ ಗೊಜ್ಜು ಕುದಿಸಬೇಡಿ. ಮೆಂತ್ಯದ ಹಿಟ್ಟು ಬೀಸಿದ ಮಿಕ್ಸಿ ಜಾರಿನಲ್ಲಿ ಚಟ್ನಿಪುಡಿ ಮಾಡಬೇಡಿ, ನನ್ನ ಜಾರ್ ತರುತ್ತೇನೆ.

ದೊಡ್ಡಪ್ಪ: ವೀಣಾ, ಆ ಫಾರ್ವರ್ಡನ್ನು ಬೆಳಿಗ್ಗೆಯೇ ವಾಕಿಂಗ್ ಗುಂಪಿಗೂ ಹಾಕಿದ್ದೆ. ಅಲ್ಲಿ ಒಬ್ಬರ ಮೊಮ್ಮಗನಿಗೂ ಇದೇ ಕಾಯಿಲೆ ಅಂತೆ.

ವೀಣಾ: ಹಾಗಾದರೆ ಈಗಲೇ ಅಲ್ಲಿ ಬರೆಯಿರಿ ದೊಡ್ಡಪ್ಪ. 'ಜೇ ಅಡುಗೆಯಲ್ಲಿ ಸೋಯಾ ಸಾಸ್ ಇರುತ್ತದೆ, ಅದರಲ್ಲಿ ಗೋಧಿ ಇರುತ್ತದೆ, ಸೀಲಿಯಾಕ್ ಇರುವವರು ತಿನ್ನಬಾರದು.' ಅಷ್ಟು ಸಾಕು. ಅವರಿಗೆ ಫೋನೂ ಮಾಡಿಬಿಡಿ, ಸಂದೇಶ ಎಲ್ಲರೂ ಓದುವುದಿಲ್ಲ.

ದೊಡ್ಡಪ್ಪ: ಮಾಡುತ್ತೇನೆ. ಆ ಪ್ಯಾಡ್ ಥಾಯ್ ಹೋಟೆಲ್ ಮಾತ್ರ ನಾನೇ ಹುಡುಕುತ್ತೇನೆ. ಚೀಟಿ ಆದ ಮೇಲೆ ನನಗೂ ಕಳಿಸು ರಘು.